ಪಕ್ಕದ ಮನೆಯ ಚುಕ್ಕಿಗಳು

ಗುಂಡ್ಲುಪೇಟೆಯ ಒಂದು ಹಿಂಡಿ-ಬೂಸಾ ಅಂಗಡಿಯಲ್ಲಿ ಮೂಟೆ ಹೊರುವುದು ನನ್ನ ಕೆಲಸವಾಗಿತ್ತು. ಓದಿದ್ದು ಒಂಬತ್ತನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಬೂಸಾ ಮೂಟೆ ನೋಡುವುದಕ್ಕೆ ದಪ್ಪ, ಹೊತ್ತರೆ ಹಗುರ. ಹಿಂಡಿ ಮೂಟೆ ನೋಡುವುದಕ್ಕೆ ಚಿಕ್ಕದು, ಹೊತ್ತರೆ ಸೊಂಟ ಹೋಗುತ್ತದೆ. ನನ್ನ ಸೊಂಟ ಹೋಗುವುದಕ್ಕೆ ಶುರುವಾಗಿತ್ತು. ಬೆಳಿಗ್ಗೆ ಎದ್ದರೆ ಗೋಡೆ ಹಿಡಿದುಕೊಂಡು ನಿಲ್ಲಬೇಕು. ಮದುವೆಯೂ ಆಗಿಲ್ಲ, ಆಗಲೇ ತಾತನ ಹಾಗೆ ನಡೆಯುತ್ತಿದ್ದೆ.

ಅಂಗಡಿಗೆ ಕಂಪ್ಯೂಟರ್ ತರುತ್ತೇವೆ, ಬಿಲ್ಲು ಅದರಲ್ಲೇ ಹಾಕುತ್ತೇವೆ ಎಂದು ಯಜಮಾನರು ಒಂದು ದಿನ ಹೇಳಿದರು. ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ಕುರ್ಚಿ ಮಾತ್ರ ಬಂತು. ಚಕ್ರ ಇರುವ ಕುರ್ಚಿ, ಬೆನ್ನಿಗೆ ಮೆತ್ತಗೆ. ಪ್ಲಾಸ್ಟಿಕ್ ಕವರು ಕೂಡ ತೆಗೆಯದೆ ಮೂಲೆಯಲ್ಲಿ ಇಟ್ಟಿದ್ದರು. ನಾನು ಹೋಗಿ ಕೇಳಿದೆ.

"ಸಾವ್ಕಾರ್ರೇ, ಆ ಕುರ್ಚೀಲಿ ನಾನೇ ಕೂತ್ಕತೀನಿ."

"ನೀನಾ?" ಅವರು ನನ್ನ ತಲೆ ಮೇಲಿನ ಬೂಸಾ ಧೂಳು ನೋಡಿದರು. "ಕಂಪ್ಯೂಟರ್ ಕಲ್ತ್ಕಂಡು ಸರ್ಟಿಫಿಕೇಟ್ ತಕ್ಕಂಬಾ. ಕುರ್ಚಿ ನಿಂದು. ತರ್ನಿಲ್ಲ ಅಂದ್ರ ನಮ್ಮೆಡ್ತಿ ಅಣ್ಣನ ಮಗ ಬಿಕಾಂ ಮಾಡ್ಕಂಡು ಮನೇಲಿ ಅವ್ನ. ಅವ್ನ ಕೂರಿಸ್ತೀನಿ. ನೀ ಮೂಟೆ ಹೊತ್ಕಂಡಿರು."

ಹೀಗೆ ನಾನು ಕಂಪ್ಯೂಟರ್ ಕಲಿಯುವುದಕ್ಕೆ ಹೋದೆ. ವಿದ್ಯೆ ಮೇಲೆ ಆಸೆ ಇತ್ತು ಅಂತೇನೂ ಇಲ್ಲ. ಕುರ್ಚಿ ಮೇಲೆ ಆಸೆ ಇತ್ತು.

ಕ್ಲಾಸು ಚಾಮರಾಜನಗರದಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಭಾನುವಾರ ಮಾತ್ರ. ಕಲಿಸುವವರು ಒಬ್ಬ ಮೇಡಂ. ಬೆಂಗಳೂರಲ್ಲೇ ಹುಟ್ಟಿ ಬೆಳೆದವರು, ಮದುವೆಯಾಗಿ ಚಾಮರಾಜನಗರಕ್ಕೆ ಬಂದು ಬಾಡಿಗೆ ಮನೆಯಲ್ಲಿದ್ದರು. ಒಳ್ಳೆಯವರು. ಆದರೆ ಎಲ್ಲದಕ್ಕೂ ಯಾಕೆ, ಹೇಗೆ ಅಂತ ಕೇಳುತ್ತಿದ್ದರು. ನಮ್ಮ ಕಡೆ ಹಾಗೆ ಕೇಳಿದರೆ ಜಗಳಕ್ಕೆ ಬಂದಿದ್ದಾರೆ ಅಂದುಕೊಳ್ಳುತ್ತಾರೆ.

ಕೋರ್ಸ್ ಮುಗಿಯುವ ಹೊತ್ತಿಗೆ ಒಂದು ಪ್ರೋಗ್ರಾಂ ಬರೆಯಬೇಕು ಎಂದರು. ಪ್ರೋಗ್ರಾಂ ಎಂದರೆ ಕಂಪ್ಯೂಟರಿಗೆ ನಾವು ಹೇಳುವ ಕೆಲಸ. ಇದು ಮೊದಲು ಹೆಸರು ಕೇಳಬೇಕು, ಆಮೇಲೆ ಒಂದು ನಂಬರ್ ಕೇಳಬೇಕು. ಮೂರು ಒತ್ತಿದರೆ ಆ ಹೆಸರಿನ ಮುಂದೆ ಮೂರು ಚುಕ್ಕಿ ಬರಬೇಕು. ಏಳು ಒತ್ತಿದರೆ ಏಳು ಚುಕ್ಕಿ. ಹತ್ತು ಜನ ಒತ್ತಿದರೆ ಹತ್ತು ಸಾಲು. ನೋಡಿದ ತಕ್ಷಣ ಯಾರದು ಜಾಸ್ತಿ, ಯಾರದು ಕಡಿಮೆ ಗೊತ್ತಾಗಬೇಕು. ಇದಕ್ಕೆ ಹಿಸ್ಟೋಗ್ರಾಂ ಅನ್ನುತ್ತಾರಂತೆ. ಚುಕ್ಕಿ ಎಂದರೆ ಕೀಬೋರ್ಡಿನಲ್ಲಿ ಎಂಟರ ತಲೆ ಮೇಲೆ ಹೂವಿನ ಹಾಗೆ ಕೂತಿದೆಯಲ್ಲ, ಅದು.

ಮೊದಲ ಸಲ ನಾನು ಬರೆದಾಗ ಚುಕ್ಕಿ ನಿಲ್ಲಲೇ ಇಲ್ಲ. ಮೂರು ಒತ್ತಿದೆ. ಪರದೆ ತುಂಬ ಚುಕ್ಕಿ, ಕೆಳಗಿಂದ ಮೇಲಕ್ಕೆ ಓಡುತ್ತಲೇ ಇತ್ತು. ಹರಿದ ಮೂಟೆಯಿಂದ ಬೂಸಾ ಸುರಿದ ಹಾಗೆ. ನಾನು ಪ್ಲಗ್ ಕಿತ್ತೆ. ಮೇಡಂ ಬೈದರು. ಎರಡು ಭಾನುವಾರ ಕೂತು ಅದನ್ನು ಸರಿ ಮಾಡಿದೆ. ಐದು ಒತ್ತಿದರೆ ಐದೇ ಚುಕ್ಕಿ ಬಂದು ನಿಂತಿತು. ನನ್ನ ಮಾತನ್ನು ಒಂದೇ ಸಲಕ್ಕೆ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಖುಷಿಯಾಯಿತು.

"ಇಷ್ಟೇ ಸಾಲದು," ಎಂದರು ಮೇಡಂ. "ನಂಬರ್ ನೀನು ಒತ್ತಬಾರದು. ಬೇರೆ ಜನ ಅವರ ಕೈಯಾರೆ ಒತ್ತಬೇಕು. ನಿಜವಾದ ಜನ, ನಿಜವಾದ ನಂಬರ್. ಪ್ರಿಂಟ್ ತಗೊಂಡು ಬಾ. ಆಮೇಲೆ ಸರ್ಟಿಫಿಕೇಟ್."

ಇದಕ್ಕೆ ಕಾರಣ ಉಮ್ಮತ್ತೂರಿನ ಒಬ್ಬ ಹುಡುಗ. ಅವನು ಹತ್ತು ಜನರಿಂದ ಒತ್ತಿಸಿದೆ ಎಂದು ಪ್ರಿಂಟ್ ತಂದು ಕೊಟ್ಟಿದ್ದ. ಮೊದಲ ಸಾಲಿನಲ್ಲಿ ಒಂದು ಚುಕ್ಕಿ, ಎರಡನೆಯದರಲ್ಲಿ ಎರಡು, ಹೀಗೇ ಹತ್ತರವರೆಗೆ, ಮೆಟ್ಟಿಲಿನ ಹಾಗೆ. ಮೇಡಂ ಅವನನ್ನು ನೋಡಿದರು, ಅವನು ಕಿಟಕಿ ನೋಡಿದ. ಅವತ್ತಿನಿಂದ ಮೇಡಂ ಯಾರನ್ನೂ ನಂಬುತ್ತಿರಲಿಲ್ಲ.

ಒಂದು ಹಳೇ ಲ್ಯಾಪ್‌ಟಾಪ್ ಕೊಟ್ಟು ಕಳಿಸಿದರು. ಅದಕ್ಕೆ ಬ್ಯಾಟರಿ ಇಲ್ಲ, ಕರೆಂಟಿನಲ್ಲಿ ಇಟ್ಟರೆ ಮಾತ್ರ ಜೀವ. ಅಂಗಡಿಯಲ್ಲಿ ಇದ್ದದ್ದು ಒಂದೇ ಪ್ಲಗ್ಗು, ಅದು ತೂಕದ ಮಿಷನ್ನಿಗೆ. ತೂಕ ಮಾಡುವಾಗ ನನ್ನದನ್ನು ಕೀಳುತ್ತಿದ್ದರು. ಕಿತ್ತರೆ ಒತ್ತಿಸಿದ ನಂಬರೆಲ್ಲ ಮಾಯ. ಮತ್ತೆ ಮೊದಲಿಂದ. ನಂಬರನ್ನು ಉಳಿಸಿ ಇಡುವುದು ಮುಂದಿನ ಕೋರ್ಸಿನ ಪಾಠವಂತೆ. ಸಾಲೆಲ್ಲ ಮುಗಿದ ಮೇಲೆ ಪರದೆ ಮೇಲಿದ್ದದ್ದನ್ನು ಪ್ರಿಂಟಿಗೆಂದು ಪೆನ್‌ಡ್ರೈವಿಗೆ ಹಾಕಿಕೊಳ್ಳುವುದು ಮಾತ್ರ ಹೇಳಿಕೊಟ್ಟಿದ್ದರು.

ಏನು ಕೇಳುವುದು ಎಂದು ಬಹಳ ಯೋಚನೆ ಮಾಡಲಿಲ್ಲ. ಬರುವವರೆಲ್ಲ ದನಕ್ಕೆ ಮೇವು ತೆಗೆದುಕೊಳ್ಳಲು ಬರುವವರು. ಮನೆಯಲ್ಲಿ ದನ ಎಷ್ಟು ಎಂದು ಕೇಳಿದರಾಯಿತು.

ಮೊದಲು ಬಂದವರು ಹಣೆ ತುಂಬ ವಿಭೂತಿ ಹಚ್ಚಿ, ಹೆಗಲ ಮೇಲೆ ಹಳದಿ ಟವೆಲ್ ಹಾಕಿದ್ದ ರೈತರು. ನಮ್ಮ ಅಂಗಡಿಗೆ ದೊಡ್ಡ ಗಿರಾಕಿ. ಗೂಡ್ಸ್ ಆಟೋ ನಿಲ್ಲಿಸಿಕೊಂಡು ಆರು ಮೂಟೆ ಹಿಂಡಿ, ನಾಲ್ಕು ಮೂಟೆ ಬೂಸಾ ಹಾಕಿಸಿದರು. ಎಲ್ಲ ನಾನೇ ಹೊತ್ತು ಹಾಕಿದೆ. ಬೆವರು ಒರೆಸಿಕೊಂಡು, "ಅಣ್ಣೋ, ನಿಮ್ಮನೇಲಿ ದನ ಎಷ್ಟವ? ಇಲ್ಲಿ ಒಂದ್ ನಂಬರ್ ಒತ್ತಿ," ಎಂದೆ.

ಅವರು ಲ್ಯಾಪ್‌ಟಾಪನ್ನು ಹಾವನ್ನು ನೋಡುವ ಹಾಗೆ ನೋಡಿದರು. ಅತ್ತ ಇತ್ತ ತಿರುಗಿದರು. ಬೆರಳು ನೀಟಾಗಿ ಟವೆಲ್ಲಿಗೆ ಒರೆಸಿಕೊಂಡು ಒಂದು ಒತ್ತಿದರು. ಒಂದು ಚುಕ್ಕಿ ಬಂತು.

"ಒಂದೇಯಾ?"

"ಒಂದೇ ಕಣ್ಲಾ. ಮುದಿ ಅಸ."

"ಒಂದ್ ಮುದಿ ಹಸೂಗ ಆರ್ ಮೂಟೆ ಹಿಂಡಿಯಾ?"

"ಚೆಂದಾಗಿ ತಿಂತದ."

ಆಟೋ ಹೋಯಿತು. ಅವರ ಹಿಂದೆ ಬಂದವರೂ ಒಂದು ಒತ್ತಿದರು. ಅವರ ಹಿಂದಿನವರೂ ಒಂದು. ಒಬ್ಬಳು ಹೆಂಗಸು ಬಹಳ ಹೊತ್ತು ಕೀಬೋರ್ಡ್ ನೋಡಿ, "ಅರ್ದ ಎಲ್ಲದ ಮಗ ಇದ್ರಲ್ಲಿ?" ಎಂದು ಕೇಳಿದಳು. ಹಸುವಿನಲ್ಲಿ ಅರ್ಧ ಹೇಗೆ ಎಂದೆ. ಉಳಿದರ್ಧ ಮೈದುನನದಂತೆ.

ಸಂಜೆಗೆ ಹತ್ತು ಸಾಲಾಯಿತು. ಹತ್ತರಲ್ಲೂ ಒಂದೊಂದೇ ಚುಕ್ಕಿ. ಮೇಲಿಂದ ಕೆಳಕ್ಕೆ ಇರುವೆ ಸಾಲಿನ ಹಾಗೆ.

ನಮ್ಮ ಕಡೆ ಇರುವ ದನ ಇಷ್ಟು, ಕರೆಯುವ ಹಾಲು ಇಷ್ಟು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ದೃಷ್ಟಿಯಾಗುತ್ತದೆ, ಹಸು ಒದೆಯುತ್ತದೆ, ಕೆಚ್ಚಲು ಬಾತುಕೊಳ್ಳುತ್ತದೆ. ಹಾಲಿನ ಕ್ಯಾನನ್ನು ಕೂಡ ಸೆರಗು ಮುಚ್ಚಿಕೊಂಡೇ ಒಯ್ಯುವುದು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ನಮ್ಮಮ್ಮನೂ ಹಾಗೇ. ಆದರೆ ಕಂಪ್ಯೂಟರ್ ಮುಂದೆ ಜನ ನಿಜ ಹೇಳುತ್ತಾರೆ ಅಂದುಕೊಂಡಿದ್ದೆ. ಯಾಕೆ ಹಾಗೆ ಅಂದುಕೊಂಡೆನೋ ಗೊತ್ತಿಲ್ಲ.

ಭಾನುವಾರ ಪ್ರಿಂಟ್ ಕೊಟ್ಟೆ. ಮೇಡಂ ಕನ್ನಡಕ ಏರಿಸಿದರು.

"ಲೂಪ್ ಕೆಟ್ಟಿದೆ. ಏನು ಒತ್ತಿದ್ರೂ ಒಂದೇ ಬರ್ತಿದೆ."

"ಇಲ್ಲ ಮೇಡಂ, ಅವ್ರು ಒತ್ತಿದ್ದೇ ಒಂದು."

"ಹತ್ತು ಜನಾನೂ?"

"ಊಂ."

"ಯಾಕೆ?"

"ಕಣ್ಣಾಯ್ತದ ಮೇಡಂ."

"ಯಾರ ಕಣ್ಣು?"

"ಯಾರ್ದಾದ್ರೂ ಆಗ್ಬೋದು. ಈಗ ನಿಮ್ದೂ ಆಗ್ಬೋದು."

ಇದನ್ನು ಹೇಳಬಾರದಿತ್ತು. ಅವರು ಪ್ರಿಂಟ್ ವಾಪಸ್ ಕೊಟ್ಟರು. "ಅವರ ಹತ್ತಿರ ಇರೋದು ಕೇಳಬೇಡ. ಬೇರೆ ಏನಾದರೂ ಕೇಳು," ಎಂದರು.

ಅವರ ಹತ್ತಿರ ಇಲ್ಲದ್ದು ಏನು? ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆಯಿತು. ಆನೆ. ಆನೆ ಯಾರದೂ ಅಲ್ಲ, ಕಣ್ಣಾದರೆ ಆಗಲಿ. ನಮ್ಮ ಅಂಗಡಿಗೆ ಬಂಡೀಪುರ ಕಾಡಂಚಿನ ಮದ್ದೂರು ಕಡೆಯಿಂದಲೂ ಜನ ಬರುತ್ತಾರೆ, ಅಲ್ಲಿ ಕಾಡು ಮನೆಯ ಹಿಂದೇ ಇದೆ. ಈ ತಿಂಗಳು ನಿಮ್ಮ ಹೊಲಕ್ಕೆ ಆನೆ ಎಷ್ಟು ಬಂದವು? ಪ್ರೋಗ್ರಾಂನಲ್ಲಿ ದನ ಎಂಬುದನ್ನು ಅಳಿಸಿ ಆನೆ ಎಂದು ಬರೆದೆ. ಬೇರೆ ಏನೂ ಬದಲಾಯಿಸಬೇಕಾಗಲಿಲ್ಲ. ಅಷ್ಟು ಒಳ್ಳೆಯ ಪ್ರೋಗ್ರಾಂ.

ಮೊದಲನೆಯವರು ನಲವತ್ತು ಒತ್ತಿದರು.

"ನಲವತ್ತಾ?"

"ಸಣ್ಣವ ಬುಟ್ಟು ಏಳ್ತಿದ್ದೀನಿ."

ಅವರ ಪಕ್ಕ ನಿಂತಿದ್ದವರು ಅದನ್ನು ನೋಡಿದರು. ಅವರ ಹೊಲ ಕಾಡಿಗೆ ಇನ್ನೂ ಹತ್ತಿರ. ನಲವತ್ತಕ್ಕಿಂತ ಕಡಿಮೆ ಬಂದವು ಎಂದರೆ ಮರ್ಯಾದೆ ಏನಾಗಬೇಕು? ನೂರು ಒತ್ತಿದರು. ಚುಕ್ಕಿ ಒಂದು ಸಾಲಿನಲ್ಲಿ ಹಿಡಿಸದೆ ಎರಡನೇ ಸಾಲಿಗೆ ಇಳಿಯಿತು. ಮೂರನೆಯವರಿಗೆ ಸಿಟ್ಟು ಬಂತು. ಒಂಬತ್ತನ್ನು ಒತ್ತಿ ಹಿಡಿದು, ನಾಲ್ಕೈದು ಒಂಬತ್ತು ಬಿದ್ದ ಮೇಲೆ ಎಂಟರ್ ಕೀ ಒತ್ತಿದರು, ಬೆರಳು ಅಲ್ಲಿಂದ ತೆಗೆಯಲೇ ಇಲ್ಲ. ಚುಕ್ಕಿಗಳು ಪರದೆಯಲ್ಲಿ ಓಡತೊಡಗಿದವು. ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತು ನೋಡಿದರು.

"ಇದೇನ್ಲಾ ಇದು?"

"ಇವ್ರ ಹೊಲದ್ ಆನೆ."

"ಇನ್ನೂ ಬತ್ತಾ ಅವಲ್ಲ!"

"ನಾ ಏಳ್ನಿಲ್ವಾ?" ಎಂದರು ಒತ್ತಿದವರು, ಬೆರಳು ತೆಗೆಯದೆಯೇ.

ಅಷ್ಟರಲ್ಲಿ ಖಾಕಿ ಅಂಗಿಯ ಫಾರೆಸ್ಟ್ ವಾಚರ್ ಒಬ್ಬ ತನ್ನ ಎಮ್ಮೆಗೆ ಹಿಂಡಿ ಕೊಳ್ಳುವುದಕ್ಕೆ ಬಂದ. ಗುಂಪು ನೋಡಿ ಏನು ಎಂದು ಕೇಳಿದ. ಹೇಳಿದೆ. ಅವನ ಮುಖ ಸಣ್ಣದಾಯಿತು.

"ಇದು ಎಲ್ಲಿಗ ಓಯ್ತದ? ಆಪೀಸ್ಗಾ?"

"ಎಲ್ಲಿಗೂ ಇಲ್ಲಣ್ಣ. ಜೆರಾಕ್ಸ್ ಅಂಗ್ಡಿ ಮೇಲಕ್ಕ."

ಅವನು ನಂಬಲಿಲ್ಲ. ಆಫೀಸಿಗೆ ಹೋದರೆ ಇಷ್ಟು ಆನೆ ಊರಿಗೆ ಬರುವಾಗ ನೀನು ಎಲ್ಲಿ ಮಲಗಿದ್ದೆ ಎಂದು ಕೇಳುತ್ತಾರೆ. ಜನರನ್ನು ಸರಿಸಿ ಮುಂದೆ ಬಂದು ಸೊನ್ನೆ ಒತ್ತಿದ.

"ಸೊನ್ನೆಯಾ? ಕಾಡೊಳಗೇ ಇದ್ದೀರಿ!"

"ನಮ್ ಕಡೆ ಆನೆ ಇಲ್ಲ," ಎಂದ. ಅವನ ಪ್ಯಾಂಟಿಗೆ ಮೊಣಕಾಲವರೆಗೆ ಆನೆ ಲದ್ದಿ ಮೆತ್ತಿತ್ತು.

ಯಜಮಾನರು ಬಂದು ತೂಕದ ಮಿಷನ್ನಿಗೆ ಪ್ಲಗ್ ಬೇಕು ಎಂದು ಲ್ಯಾಪ್‌ಟಾಪಿನದನ್ನು ಕಿತ್ತರು. ಆನೆಗಳೆಲ್ಲ ಒಂದೇ ಸಲಕ್ಕೆ ಹೋದವು. ನೋಡುತ್ತಿದ್ದವರಿಗೆ ಬೇಜಾರಾಯಿತು. ಮಧ್ಯಾಹ್ನ ಮತ್ತೆ ಒತ್ತಿಸಿದೆ, ವಾಚರೂ ಬಿಡದೆ ಮತ್ತೆ ಸೊನ್ನೆ ಒತ್ತಿದ. ಬೆಳಿಗ್ಗೆ ನಲವತ್ತು ಎಂದವರು ಮಧ್ಯಾಹ್ನ ನೂರ ಐವತ್ತು ಎಂದರು. ಮಧ್ಯೆ ಅವರು ಊಟಕ್ಕೆ ಹೋಟೆಲ್ಲಿಗೆ ಹೋಗಿದ್ದರು ಅಷ್ಟೇ.

ಆ ಪ್ರಿಂಟ್ ತೆಗೆಯುವಾಗ ಜೆರಾಕ್ಸ್ ಅಂಗಡಿಯವನು ಹಾಳೆ ಮೇಲೆ ಹಾಳೆ ಬರುವುದನ್ನು ನೋಡಿ ಮಿಷನ್ ನಿಲ್ಲಿಸಿದ. ಮೇಡಂ ಕಂತೆ ತಿರುವಿದರು. ಮಧ್ಯೆ ಒಂದು ಸಾಲು ಖಾಲಿ, ಹೆಸರು ಮಾತ್ರ.

"ಇದು ಯಾರು?"

"ಫಾರೆಸ್ಟ್‌ನವ್ರು."

ಮೇಡಂ ಪೆನ್ನು ಕೆಳಗಿಟ್ಟರು. "ನೋಡಪ್ಪ, ಒಂದ್ಸಲ ಎಲ್ಲ ಒಂದು. ಇನ್ನೊಂದ್ಸಲ ಲೆಕ್ಕಾನೇ ಇಲ್ಲ. ನಿನ್ನ ಪ್ರೋಗ್ರಾಂ ಸರಿ ಇದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ಮುಂದಿನ ಭಾನುವಾರ ನಾನೇ ನಿನ್ನ ಅಂಗಡಿಗೆ ಬರ್ತೀನಿ. ನನ್ನ ಮುಂದೆ ಜನ ಒತ್ತಲಿ. ಸರಿಯಾದ ನಂಬರ್ ಬಂದರೆ ಸರ್ಟಿಫಿಕೇಟ್. ಇಲ್ಲ ಅಂದರೆ ಮುಂದಿನ ಬ್ಯಾಚಲ್ಲಿ ಮತ್ತೆ ಸೇರ್ಕೋ."

ಮುಂದಿನ ಬ್ಯಾಚಿನವರೆಗೆ ಕುರ್ಚಿ ಕಾಯುವುದಿಲ್ಲ. ಯಜಮಾನರ ಹೆಂಡತಿಯ ಅಣ್ಣನ ಮಗ ಆಗಲೇ ಒಂದು ದಿನ ಬಂದು ಕುರ್ಚಿಯ ಪ್ಲಾಸ್ಟಿಕ್ ಕವರು ಮುಟ್ಟಿ ನೋಡಿ ಹೋಗಿದ್ದ. ಸೋಮವಾರದಿಂದ ಬರುತ್ತಾನೆ ಎಂದು ಯಜಮಾನರು ಹೇಳಿಬಿಟ್ಟರು, ಅಷ್ಟರಲ್ಲಿ ನಾನು ಸರ್ಟಿಫಿಕೇಟ್ ತರದಿದ್ದರೆ.

ಆ ವಾರ ಪ್ರೋಗ್ರಾಂನಲ್ಲಿ ಆನೆ ಅಳಿಸಿ ಮತ್ತೆ ದನ ಎಂದೇ ಬರೆದೆ. ಬೇರೆ ಹೊಳೆಯಲಿಲ್ಲ. ಬಂದವರ ಕಾಲು ಹಿಡಿಯುವುದೊಂದು ಬಾಕಿ, ನಿಜ ಹೇಳಿ ಎಂದು ಬೇಡಿದೆ. ಎಲ್ಲರೂ ಮನಸ್ಸು ಕರಗಿ, ನನಗೋಸ್ಕರ ಎಂದು ಹೇಳಿ, ಒಂದು ಒತ್ತಿದರು.

ಬುಧವಾರವೋ ಗುರುವಾರವೋ ಹಳದಿ ಟವೆಲ್ಲಿನವರು ಮತ್ತೆ ಬಂದರು. ಅವತ್ತು ಅವರ ಊರಿನ ಒಬ್ಬ ಹೆಂಗಸೂ ಬೂಸಾಕ್ಕೆ ಬಂದಿದ್ದಳು. ಬಾಯಿ ತುಂಬ ಎಲೆಅಡಿಕೆ, ಕಂಕುಳಲ್ಲಿ ಚೀಲ. ಇಬ್ಬರದೂ ಅಕ್ಕಪಕ್ಕದ ಮನೆ, ಮಧ್ಯೆ ಒಂದು ಗೋಡೆ ಅಷ್ಟೇ. ಟವೆಲ್ಲಿನವರು ಎಂದಿನ ಹಾಗೆ ಬೆರಳು ಒರೆಸಿಕೊಂಡು ಒಂದು ಒತ್ತಿದರು. ಚುಕ್ಕಿ ಬಂತು. ಅವಳು ಅದನ್ನು ನೋಡಿದಳು. ಎಲೆಅಡಿಕೆ ಉಗಿದು ಬಂದಳು.

"ಒಂದಂತ ಒಂದು! ಏನ್ ಬಾವ, ಸಿವನ್ ಮುಂದ ವಿಬೂತಿ ಅಚ್ಕಂಡು ಇಂಗ್ ಏಳೀರಲ್ಲ! ಲೋ ಮಗ, ಬರ್ಕಳ್ಲಾ. ಸೀಮೆ ಅಸ ಐದು. ಎಮ್ಮೆ ಮೂರು, ಒಂದು ತುಂಬ್ದ ಗಬ್ಬ. ಮ್ಯಾಲ ಓದ್ ಸಂತೇಲಿ ತಂದ ಕಡಸು ಒಂದು. ಬೇಲಿ ಮರೇಲಿ ಕಟ್ಟಾಕವ್ರ, ಯಾರ್ಗೂ ಕಾಣ್ದು ಅನ್ಕಂಡವ್ರ!"

"ನಿಂಗ್ಯಾಕಮ್ಮಿ ನಮ್ಮನೆ ಇಚಾರ?"

"ಬೆಳಿಗ್ಗೆ ಎದ್ರ ನಿಮ್ ಎಮ್ಮೇ ಮಕಾನೇ ನೋಡದು ನಾನು. ಒತ್ಲಾ, ಒಂಬತ್ತು!" ಎಂದು ಅವಳೇ ಒತ್ತಿಬಿಟ್ಟಳು.

ಟವೆಲ್ಲಿನವರ ಹೆಸರಿನ ಮುಂದೆ ಒಂಬತ್ತು ಚುಕ್ಕಿ ಬಂದು ನಿಂತವು. ನಾನು ಅಲ್ಲೇ ಕೂತೆ, ಹಿಂಡಿ ಮೂಟೆ ಮೇಲೆ. ಮೂರು ವಾರ ಹಾಳು ಮಾಡಿಕೊಂಡಿದ್ದೆ. ಕೇಳಬೇಕಾದ್ದು ನಿಮ್ಮ ಮನೆಯದನ್ನಲ್ಲ. ಪಕ್ಕದ ಮನೆಯದನ್ನು.

ಪ್ರಶ್ನೆ ಬದಲಾಯಿಸಿದೆ. ಪಕ್ಕದ ಮನೆಯವರ ಹೆಸರು? ಅವರ ದನ ಎಷ್ಟು? ಒಬ್ಬರೂ ಯೋಚನೆ ಮಾಡಲಿಲ್ಲ. ಕರು ಸೇರಿಸಬೇಕೋ ಬೇಡವೋ ಎಂದು ಕೇಳಿದರು. ಹಾಲು ಬತ್ತಿದ್ದು, ಗಬ್ಬದ್ದು, ತಮ್ಮನಿಗೆ ಕೊಡುತ್ತೇನೆ ಎಂದು ಹೇಳಿ ಕೊಡದೆ ಇಟ್ಟುಕೊಂಡದ್ದು, ಎಲ್ಲ ಬಿಡಿಸಿ ಹೇಳಿದರು. ನಾಲ್ಕು, ಏಳು, ಎರಡು, ಐದು. ಸಾಲುಗಳು ಉದ್ದಗಿಡ್ಡ ಬಂದವು, ಪುಸ್ತಕದಲ್ಲಿ ಇದ್ದ ಹಾಗೆ. ಅರ್ಧ ಕೇಳಿದ್ದ ಹೆಂಗಸು ಪಕ್ಕದ ಮನೆಯದು ಮೂರು ಎಂದು ಪೂರ್ತಿಯಾಗಿಯೇ ಒತ್ತಿದಳು. ನಾನು ಒಬ್ಬನೇ ನಗುತ್ತಿದ್ದೆ.

ಮಾರನೇ ದಿನ ಹಳದಿ ಟವೆಲ್ಲಿನವರ ಎಮ್ಮೆ ಹಾಲಿನ ಬಕೇಟನ್ನು ಒದ್ದಿತು.

ಭಾನುವಾರ ಬೆಳಿಗ್ಗೆ ಮೇಡಂ ಬಸ್ಸಿಳಿದು ಬರುವ ಹೊತ್ತಿಗೆ ಅಂಗಡಿ ಮುಂದೆ ಊರೇ ಇತ್ತು. ಟವೆಲ್ಲಿನವರು ಒಂದು ಕಡೆ, ಎಲೆಅಡಿಕೆ ಅಕ್ಕ ಇನ್ನೊಂದು ಕಡೆ, ಮಧ್ಯೆ ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು.

"ಒಂಬತ್ತ್ ಚುಕ್ಕಿ ಆಕಿ ತೋರ್ಸಿ ನನ್ ಎಮ್ಮೇಗ ದಿಷ್ಟಿ ಮಾಡ್ಬುಟ್ಟೆ ಕಣ್ಲಾ! ಮೊದ್ಲು ಈ ಡಬ್ಬಕ್ಕ ದಿಷ್ಟಿ ತಗೀರಿ!"

ಯಜಮಾನರಿಗೆ ದೊಡ್ಡ ಗಿರಾಕಿ ಬೇಕು. ಒಳಗಿಂದ ಉಪ್ಪು, ಒಣಮೆಣಸಿನಕಾಯಿ, ಕಡ್ಡಿಪೊರಕೆಯ ನಾಲ್ಕು ಕಡ್ಡಿ, ಹೋಟೆಲ್ಲಿಂದ ಒಂದು ಬಾಂಡ್ಲಿ ಕೆಂಡ ತರಿಸಿದರು. ನಾನು ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎತ್ತಿ ಹಿಡಿದು ಪೂರ್ವಕ್ಕೆ ನಿಂತೆ. ಎಲೆಅಡಿಕೆ ಅಕ್ಕನೇ ಮುಂದೆ ಬಂದಳು. ದೃಷ್ಟಿ ತೆಗೆಯುವುದು ಅವಳಿಗೇ ಚೆನ್ನಾಗಿ ಬರುತ್ತದಂತೆ, ಟವೆಲ್ಲಿನವರೂ ಒಪ್ಪಿದರು. ಬಲಕ್ಕೆ ಮೂರು, ಎಡಕ್ಕೆ ಮೂರು ಸುತ್ತು ನಿವಾಳಿಸಿ ಲ್ಯಾಪ್‌ಟಾಪಿನ ಮೇಲೆ ಥೂ ಥೂ ಎಂದಳು. ನಿವಾಳಿಸಿದ್ದನ್ನು ಕೆಂಡಕ್ಕೆ ಹಾಕಿದಳು.

ಮೇಡಂ ಅಷ್ಟರಲ್ಲಿ ಹತ್ತಿರ ಬಂದಿದ್ದರು. "ಅದು ಸೆಂಟರ್‌ದು! ಏನ್ ಮಾಡ್ತಿದೀರ?" ಎಂದು ಬಾಯಿ ತೆರೆದರು. ಹೊಗೆ ಒಳಗೆ ಹೋಯಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು.

"ಗಾಟು ಬಂತು, ದಿಷ್ಟಿ ಇರ್ನಿಲ್ಲ," ಎಂದಳು ಎಲೆಅಡಿಕೆ ಅಕ್ಕ. ದೃಷ್ಟಿ ಇದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ ಎಂದು ನಮ್ಮ ಕಡೆ ಲೆಕ್ಕ.

"ಗಾಟು ಮೇಡಮ್ಮಂಗ ಬಂತು, ನಂಗ್ ಬರ್ನಿಲ್ಲ. ನಂದ್ ಅಂಗೇ ಅದ," ಎಂದರು ಟವೆಲ್ಲಿನವರು, ಮೂಗು ಹಿಡಿದುಕೊಂಡು. "ಆ ಒಂಬತ್ತ ಒಂದ್ ಮಾಡ್ಲಾ. ಇಲ್ದಿದ್ರ ಈ ಅಂಗ್ಡೀಲಿ ನಾ ಇನ್ ಒಂದ್ ಮೂಟೆ ತಗಳಲ್ಲ."

ಯಜಮಾನರು ನನ್ನ ಕಡೆ ತಿರುಗಿದರು. "ಒಂದ್ ಮಾಡ್ಬುಡ್ಲಾ."

"ಒಂದು ಮಾಡಿದ್ರೆ ಫೇಲ್," ಎಂದರು ಮೇಡಂ, ಕೆಮ್ಮುತ್ತಲೇ. "ಯಾರೋ ಒತ್ತಿದ್ದನ್ನು ನೀನು ತಿದ್ದೋ ಹಾಗಿಲ್ಲ."

ಒಂದು ಮಾಡಿದರೆ ಸರ್ಟಿಫಿಕೇಟ್ ಇಲ್ಲ, ಕುರ್ಚಿ ಇಲ್ಲ. ಒಂದು ಮಾಡದಿದ್ದರೆ ಗಿರಾಕಿ ಇಲ್ಲ, ಯಜಮಾನರು ಕುರ್ಚಿ ಅಲ್ಲ, ಅಂಗಡಿಯನ್ನೇ ಬಿಡಿಸುತ್ತಾರೆ. ನನಗೆ ರೇಗಿತು. ಮೂಟೆ ಹೊರುವುದೇ ವಾಸಿ ಅನ್ನಿಸಿತು. ಮೂಟೆ ಯಾರನ್ನೂ ಏನೂ ಕೇಳುವುದಿಲ್ಲ.

"ಅಣ್ಣೋ, ನಿಮ್ಗ ತೊಂದ್ರೆ ಏನು? ಒಂಬತ್ತಾ, ಇಲ್ಲ ಒಂಬತ್ತರ ಪಕ್ಕ ನಿಮ್ ಹೆಸ್ರಾ?"

ಅವರು ಯೋಚನೆ ಮಾಡಿದರು. "ಎಸ್ರು."

ಲ್ಯಾಪ್‌ಟಾಪನ್ನು ಪ್ಲಗ್ಗಿಗೆ ಹಾಕಿ, ಪ್ರೋಗ್ರಾಂ ತೆರೆದು ಹೆಸರು ತೋರಿಸುವ ಮಾತನ್ನು ಅಳಿಸಿದೆ. ಒಂದೇ ಪದ. ಇನ್ನು ಚುಕ್ಕಿ ಬರುತ್ತದೆ, ಯಾರದು ಎಂದು ಬರುವುದಿಲ್ಲ. ಮೇಡಂ ಬಗ್ಗಿ ನೋಡಿದರು. "ಇದು ಪರವಾಗಿಲ್ಲ. ಆದರೆ ಎಲ್ಲರೂ ಮತ್ತೆ ಒತ್ತಬೇಕು, ನನ್ನ ಮುಂದೆ."

ಎಲ್ಲರೂ ಸಾಲು ನಿಂತರು. ಒಬ್ಬೊಬ್ಬರೇ ಬಂದು ಪಕ್ಕದ ಮನೆಯದನ್ನು ಒತ್ತಿದರು. ಎಲೆಅಡಿಕೆ ಅಕ್ಕ ಒಂಬತ್ತು ಒತ್ತಿ ಬಂದಳು. ಟವೆಲ್ಲಿನವರು ಅವಳ ಮನೆಯದು ಎಂದು ಆರು ಒತ್ತಿದರು.

"ನಮ್ದು ಆರಾ? ಎಲ್ಲಿ ಕಂಡ್ರಿ ಬಾವ ಆರ?"

"ನಿನ್ ಗಂಡ ಮೊನ್ನೆ ಬಿದ್ದಿರುಳಲ್ಲಿ ಯಾರ್ಗೂ ಕಾಣ್ದಂಗ ಒಡ್ಕಂಬಂದ ಕಡಸು ಸೇರ್ಸಿ."

ಅವಳು ಚೀಲದಿಂದ ಹೊಸ ಎಲೆಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡಳು. ಲೆಕ್ಕ ಸರಿ ಇತ್ತು ಅನ್ನಿಸುತ್ತದೆ.

"ನಾನೂ ಒತ್ತಿ ನೋಡ್ತೀನಿ," ಎಂದು ಮೇಡಂ ಕೊನೆಗೆ ಬಂದರು. ಪಕ್ಕದ ಮನೆಯವರ ಹೆಸರು ಎಂದು ಕೇಳಿತು. ಮೇಡಂ ಕನ್ನಡಕ ಏರಿಸಿ ಮತ್ತೆ ಓದಿದರು. ಎಲ್ಲರೂ ಕಾದರು.

"ಗೊತ್ತಿಲ್ಲ," ಎಂದರು. ಅದನ್ನೇ ಇಂಗ್ಲಿಷಿನಲ್ಲಿ ಹೊಡೆದರು. ದನ ಎಷ್ಟು ಎಂದು ಕೇಳಿತು. ಅಲ್ಲೂ ಗೊತ್ತಿಲ್ಲ ಎಂದೇ ಹೊಡೆದರು.

ಕೆಂಪು ಅಕ್ಷರ ಬಂದು ಪ್ರೋಗ್ರಾಂ ನಿಂತುಹೋಯಿತು. ನಂಬರ್ ಕೇಳಿದ ಕಡೆ ಅಕ್ಷರ ಹೊಡೆದರೆ ಅದು ಸಾಯುತ್ತದೆ. ಒಂದು ಹಸು ಆರು ಮೂಟೆ ತಿಂದಾಗ ಸುಮ್ಮನಿತ್ತು, ಬಂಡೀಪುರದ ಪಕ್ಕ ಆನೆ ಇಲ್ಲ ಎಂದಾಗಲೂ ಸುಮ್ಮನಿತ್ತು. ಮೇಡಂ ನಿಜ ಹೇಳಿದರು, ಸತ್ತಿತು.

"ಅಯ್ಯೋ, ಪಕ್ಕದ್ ಮನೆಯೋರ್ ಎಸ್ರೂ ಗೊತ್ತಿಲ್ವಾ ಈವಮ್ಮಂಗ?" ಎಂದಳು ಅರ್ಧದ ಹೆಂಗಸು.

"ಪಾಪ ಕಣ, ಒಬ್ಬೊಬ್ರ ಅಣೇಬರ," ಎಂದರು ಟವೆಲ್ಲಿನವರು. ಎಮ್ಮೆಯ ದುಃಖ ಮರೆತು ನಿಜವಾಗಿ ಬೇಜಾರು ಮಾಡಿಕೊಂಡಿದ್ದರು. ಯಾರೋ ಮೇಡಂಗೆ ಕೂರುವುದಕ್ಕೆ ಕುರ್ಚಿ ತಂದರು. ಮೂಲೆಯಲ್ಲಿದ್ದ ಆ ಕುರ್ಚಿಯನ್ನೇ. ನಾನು ಬಗ್ಗಿ ಪ್ಲಾಸ್ಟಿಕ್ ಕವರು ಹರಿದಿಲ್ಲವೆಂದು ನೋಡಿಕೊಂಡೆ.

ಮತ್ತೆ ಮೊದಲಿಂದ ಎಲ್ಲರೂ ಒತ್ತಿದರು. ಮೇಡಂ ಸರದಿ ಬಂತು. ಕೈ ಕೀಬೋರ್ಡಿನ ಮೇಲೆ ಇಟ್ಟುಕೊಂಡು ಕೂತರು.

"ಸುಮ್ನ ಒಂದ್ ಒತ್ತವ್ವ," ಎಂದಳು ಎಲೆಅಡಿಕೆ ಅಕ್ಕ ಮೆತ್ತಗೆ. "ಒಂದ್ ಒತ್ತುದ್ರ ಯಾರ್ಗೂ ಏನೂ ಆಗಲ್ಲ."

ಮೇಡಂ ನನ್ನನ್ನು ನೋಡಿದರು. ಆಮೇಲೆ ಒಂದು ಒತ್ತಿದರು.

ಸಾಲುಗಳು ಬಂದವು. ಏಳು, ನಾಲ್ಕು, ಒಂಬತ್ತು, ಮೂರು, ಆರು, ಐದು. ಕೊನೆಗೆ ಒಂದೇ ಒಂದು ಚುಕ್ಕಿ. ಪಕ್ಕದಲ್ಲಿ ಹೆಸರಿಲ್ಲ.

ಟವೆಲ್ಲಿನವರು ಬಗ್ಗಿ ಆ ಒಂದು ಚುಕ್ಕಿಯ ಮೇಲೆ ಬೆರಳಿಟ್ಟರು. "ಇದು ನಮ್ದು."

"ನಿಮ್ದ್ ಎಂಗಾಯ್ತದ? ಅದು ನಮ್ದು," ಎಂದಳು ಎಲೆಅಡಿಕೆ ಅಕ್ಕ.

"ಇಬ್ರದೂ ಅಲ್ಲ, ನಾನು ಮೊದ್ಲಿಂದ ಏಳ್ತಾ ಇವ್ನಿ, ನಮ್ಮನೇಲಿ ಒಂದೇ," ಎಂದು ಹಿಂದಿನಿಂದ ಇನ್ನೊಬ್ಬರು. ಅಂಗಡಿಯಲ್ಲಿದ್ದವರೆಲ್ಲ ಆ ಒಂದು ಚುಕ್ಕಿಗೆ ಬಂದರು. ಪರದೆ ಮೇಲೆ ಬೆರಳೇ ಬೆರಳು.

"ಹಾಗಾದ್ರೆ ಈ ಒಂಬತ್ತು ಯಾರದು?" ಎಂದು ಮೇಡಂ ಕೇಳಿದರು.

ಎಲ್ಲರೂ ರಸ್ತೆ ನೋಡಿದರು. ಕೇರಳದ ಕಡೆಗೆ ಲಾರಿಗಳು ಹೋಗುತ್ತಿದ್ದವು.

ಮೇಡಂ ಸಾಲುಗಳ ಚುಕ್ಕಿಯನ್ನು ಬೆರಳಲ್ಲಿ ಎಣಿಸಿದರು. ಬ್ಯಾಗಿನಿಂದ ಸರ್ಟಿಫಿಕೇಟ್ ತೆಗೆದರು, ಬರೆದುಕೊಂಡೇ ಬಂದಿದ್ದರು, ಸಹಿ ಒಂದು ಬಾಕಿ ಇತ್ತು. ಅಕ್ಷರ ಹೊಡೆದರೆ ನಿಂತುಹೋಗುವುದಕ್ಕೆ ಮಾರ್ಕ್ಸ್ ಕಳೆದಿದ್ದೇನೆ ಎಂದರು. ಕಳೆಯಿರಿ ಎಂದೆ. ಹಿಂಡಿ ಮೂಟೆಯ ಮೇಲೆ ಇಟ್ಟು ಸಹಿ ಹಾಕಿದರು. ಹಾಕಿ ಎದ್ದರು. ಎದ್ದ ತಕ್ಷಣ ನಾನು ಕುರ್ಚಿ ಹಿಡಿದುಕೊಂಡೆ.

ಯಜಮಾನರು ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ನೋಡಿದರು. ಹಿಂದೆ ಮುಂದೆ ತಿರುಗಿಸಿದರು. ಕೊಟ್ಟ ಮಾತಿಗೆ ತಪ್ಪುವ ಮನುಷ್ಯ ಅಲ್ಲ. "ಕೂತ್ಕ," ಎಂದರು. ಪ್ಲಾಸ್ಟಿಕ್ ಕವರು ನಾನೇ ಹರಿದು ತೆಗೆದೆ. ಕೂತೆ. ಬೆನ್ನಿಗೆ ಹಾಯಾಗಿತ್ತು. ಒಂದು ಸುತ್ತು ತಿರುಗಿದೆ.

ಹೊರಗೆ ಗೂಡ್ಸ್ ಆಟೋದವನು ಹಾರನ್ ಹೊಡೆದ. ಟವೆಲ್ಲಿನವರ ಮೂಟೆಗಳು ಇನ್ನೂ ಒಳಗೇ ಇದ್ದವು. ಮೂಟೆ ಹೊರುವುದಕ್ಕೆ ಬೇರೆ ಯಾರನ್ನೂ ಯಜಮಾನರು ನೋಡಿರಲಿಲ್ಲ. ಬಿಕಾಂ ಹುಡುಗ ಬಂದರೆ ಹೊರುವುದು ನಾನು, ನಾನು ಕೂತರೂ ಹೊರುವುದು ನಾನು. ಈ ಲೆಕ್ಕವನ್ನು ನಾನು ಹಾಕಿರಲೇ ಇಲ್ಲ.

"ಎದ್ದೇಳ್ಲಾ," ಎಂದರು ಯಜಮಾನರು. "ಕುರ್ಚಿ ನಿಂದೇ, ಎಲ್ಲೂ ಓಗಲ್ಲ. ಮೂಟೆ ಆಕ್ಬುಟ್ಟು ಬಂದು ಕೂತ್ಕ."

ಎದ್ದೆ. ಆರು ಹಿಂಡಿ, ನಾಲ್ಕು ಬೂಸಾ. ಹಾಕಿ ಬಂದು ಕೂತೆ.